ಹೆಲ್ಮಾದ ಸೇಬಿನ ತೋಟ

"ಉಂಗುರದ ನೆರಳನ್ನ ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ," ಎನ್ನುತ್ತ ಲೋರ್ನ್ ನಕ್ಷೆಯನ್ನು ಮೇಜಿನ ಮೇಲೆ ಹರಡಿದ. ಡ್ವೈಟ್ ಕಾಫಿ ಕೆಳಗಿಟ್ಟ. ವರ್ನಾ ಕನ್ನಡಕ ಹಾಕಿಕೊಂಡಳು.

ಹೆಲ್ಮಾ ಎಂಬ ಗ್ರಹ ಇರುವುದು ಸ್ಯಾಸ್ಕಟೂನ್ ಎಂಬ ಊರಿನ ಈ ನೆಲಮಾಳಿಗೆಯಲ್ಲಿ ಮಾತ್ರ. ಮೂವರೂ ಹಲವು ವರ್ಷಗಳಿಂದ ಆಡಿಕೊಂಡು ಬಂದ ಆಟ ಅದು. ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವ ಲೋರ್ನ್ ಗ್ರಹದ ಹವಾಮಾನ ನೋಡಿಕೊಳ್ಳುತ್ತಿದ್ದ. ಉಳಿದಿಬ್ಬರು ಅಲ್ಲಿ ಬದುಕು ಕಟ್ಟುತ್ತಿದ್ದರು. ಲೆಕ್ಕ ಹೇಳಿದ್ದೇ ನಡೆಯಬೇಕೆಂಬ ನಿಯಮ ಮಾಡಿದವಳು ವರ್ನಾ. ಅದರಿಂದಾಗಿ ಒಮ್ಮೆ ಡ್ವೈಟನ ಹಡಗುಗಳೆಲ್ಲ ಹೆಪ್ಪುಗಟ್ಟಿದ ಕಡಲಲ್ಲಿ ಸಿಕ್ಕಿ ಒಡೆದಿದ್ದವು.

ವರ್ನಾ ಊರು ಬಿಟ್ಟು ಹೊರಟಿದ್ದಳು. ಇದು ಅವಳ ಕೊನೆಯ ಆಟ. ಅವಳು ನೆಟ್ಟ ಸೇಬಿನ ತೋಟ ಹೆಲ್ಮಾದ ಮುಂದಿನ ಬೇಸಿಗೆಗೆ ಮೊದಲ ಫಲ ಕೊಡಬೇಕಿತ್ತು. ಅದನ್ನು ನೋಡಿಯೇ ಹೋಗುತ್ತೇನೆ ಎಂದಿದ್ದಳು. ಲೋರ್ನ್ ಗ್ರಹಕ್ಕೆ ಉಂಗುರ ತೊಡಿಸಿದ್ದು ಬರೀ ಚೆಲುವಿಗೆಂದು. ಆದರೆ ಚಳಿಗಾಲದಲ್ಲಿ ಅದರ ನೆರಳು ಸರಿಯಾಗಿ ತೋಟದ ಮೇಲೆಯೇ ಬಿದ್ದು ಅರ್ಧಕ್ಕಿಂತ ಹೆಚ್ಚು ಬಿಸಿಲನ್ನು ನುಂಗುತ್ತಿತ್ತು. ಅವನು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಎಷ್ಟು ಚಳಿ?" ವರ್ನಾ ಕೇಳಿದಳು.

"ಸೊನ್ನೆಗಿಂತ ನಲವತ್ತು ಕೆಳಗೆ. ಗಿಡ ಉಳಿಯಲ್ಲ."

"ಉಂಗುರನ ಒಂಚೂರು ತೆಳು ಮಾಡಯ್ಯ," ಎಂದ ಡ್ವೈಟ್. "ಅಲ್ಲಿ ದೇವರು ನೀನೇ ತಾನೆ?"

"ನಿನ್ನ ಹಡಗು ಒಡೆದಾಗ ಯಾರಾದ್ರೂ ಚಳಿ ಕಮ್ಮಿ ಮಾಡಿದ್ರಾ?" ಎಂದಳು ವರ್ನಾ. ನಕ್ಷೆಯನ್ನು ಬಹಳ ಹೊತ್ತು ನೋಡಿ, ಮತ್ತೆ ಕೇಳಿದಳು: "ಹಿಮ ಮೊದಲು ಬೀಳುತ್ತೋ, ನೆರಳು ಮೊದಲು ಬರುತ್ತೋ?"

ಲೋರ್ನ್‌ಗೆ ಗೊತ್ತಿರಲಿಲ್ಲ. ಪೆನ್ಸಿಲ್ ಎತ್ತಿಕೊಂಡ. ನೆಲ ಬೇಗ ತಣಿಯುತ್ತದೆ, ಪಕ್ಕದ ಕಡಲು ತಣಿಯುವುದು ನಿಧಾನ. ಅಲ್ಲಿಂದ ಬೀಸುವ ಗಾಳಿಯ ತೇವವೆಲ್ಲ ತಣ್ಣನೆಯ ದಡಕ್ಕೆ ಬಂದು ಹಿಮವಾಗಿ ಉದುರಬೇಕು. ಯಾವಾಗ ಎಂಬುದೇ ಪ್ರಶ್ನೆ. ಉತ್ತರ ಬಂದ ಮೇಲೂ ಅವನು ಇನ್ನೊಂದು ಸಲ ಮಾಡಿ ನೋಡಿದ.

"ಹಿಮವೇ ಮೊದಲು. ಸೊಂಟದೆತ್ತರ ಬೀಳುತ್ತೆ."

"ಹಾಗಾದ್ರೆ ಗಿಡಗಳನ್ನ ಬಗ್ಗಿಸಿ ನೆಲಕ್ಕೆ ಕಟ್ತೀನಿ. ಹಿಮದ ಹೊದಿಕೆಯಡಿ ಬೆಚ್ಚಗೆ ಮಲಗಿರ್ಲಿ, ಮೇಲಿನ ಚಳಿ ಒಳಗೆ ಇಳಿಯಲ್ಲ. ನಮ್ಮಮ್ಮ ಹಿತ್ತಲಲ್ಲಿ ಹಾಗೇ ಮಾಡ್ತಿದ್ಳು."

ಅಷ್ಟು ದೊಡ್ಡ ತೋಟ, ಹಿಮ ಬೀಳುವುದರೊಳಗೆ ಒಬ್ಬಳಿಂದ ಮುಗಿಯುವ ಕೆಲಸವಲ್ಲವೆಂದು ಲೋರ್ನ್ ಹೇಳಲೇಬೇಕಾಯಿತು. ಡ್ವೈಟ್ ಆಟದಲ್ಲಿ ತನ್ನ ಪಾಲಿನ ಮರದ ಗೊಂಬೆಯನ್ನು ನಕ್ಷೆಯ ಬಂದರಿನಿಂದ ಎತ್ತಿ ತೋಟದ ಅಂಚಿಗೆ ತಂದಿಟ್ಟ.

"ಯಾವ ಸಾಲಿಂದ ಶುರು ಮಾಡ್ಲಿ, ಹೇಳು."

ನಕ್ಷೆಯಲ್ಲಿ ಗಿಡಗಳಾಗಿ ನಿಂತಿದ್ದ ಗೆರೆಗಳನ್ನು ಡ್ವೈಟ್ ಅಳಿಸುತ್ತ ಹೋದ. ವರ್ನಾ ಒಂದೊಂದನ್ನೂ ಮಲಗಿಸಿ ಬರೆಯುತ್ತ ಬಂದಳು. ಕೊನೆಯ ಸಾಲು ಬಾಕಿಯಿರುವಾಗಲೇ, ಹಿಮ ಶುರುವಾಯಿತೆಂದು ಲೋರ್ನ್ ಹೇಳಬೇಕಿತ್ತು. ಆ ಸಾಲೂ ಮಲಗುವವರೆಗೆ ಅವನು ಪೆನ್ಸಿಲ್ ಕೆತ್ತುತ್ತ ಕುಳಿತ.