ನೋಡಿ ಹೋಗುವವರು

"ಇದೇ ನಿಶ್ಚಯ ಅಂತ ಅಂದ್ಕೋಬೇಡಿ ಸಾರ್. ಜಸ್ಟ್ ಎಕ್ಸ್‌ಪ್ಲೋರೇಟರಿ ವಿಸಿಟ್," ಎಂದರು ಗಂಡಿನ ತಂದೆ ಚಂದ್ರಶೇಖರ, ಎರಡನೇ ಸಲ ಕೇಸರಿಬಾತ್ ಹಾಕಿಸಿಕೊಳ್ಳುತ್ತ.

ಹೆಣ್ಣಿನ ತಂದೆ ಕೃಷ್ಣಮೂರ್ತಿಗೆ ಆ ಪದ ಹೊಸದಲ್ಲ. ಮೈಸೂರು ಕಡೆಯಿಂದ ತಮಿಳು ಸೀಮೆಗೆ ಬಂದು ವೆಸ್ಟ್ ಮಾಂಬಲಂನ ಟ್ಯುಟೋರಿಯಲ್‌ನಲ್ಲಿ ಜೀವಮಾನವೆಲ್ಲ ಇಂಗ್ಲಿಷ್ ಕಲಿಸಿದವರು. ಎಕ್ಸ್‌ಪ್ಲೋರೇಟರಿ ಡ್ರಿಲ್ಲಿಂಗ್, ಎಕ್ಸ್‌ಪ್ಲೋರೇಟರಿ ಸರ್ಜರಿ, ಎಕ್ಸ್‌ಪ್ಲೋರೇಟರಿ ಟಾಕ್ಸ್ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದರೋ! ಕೊರೆದು ನೋಡುವುದು, ಕೊಯ್ದು ನೋಡುವುದು, ಮಾತಾಡಿ ನೋಡುವುದು. ಏನೂ ಸಿಗದಿದ್ದರೆ ಕೈಕೊಡವಿಕೊಂಡು ಎದ್ದು ಹೋಗುವುದು.

"ಏನ್ರೀ ಹಂಗಂದ್ರೆ?" ಅಡುಗೆಮನೆ ಬಾಗಿಲಿಂದ ಹೆಂಡತಿ ಜಯಲಕ್ಷ್ಮೀ ಪಿಸುಗುಟ್ಟಿದರು.

"ಸುಮ್ನೆ ನೋಡ್ಕೊಂಡು ಹೋಗೋದು ಕಣೆ."

"ಮೊದ್ಲೇ ಹೇಳಿದ್ರೆ ಬರೀ ಕಾಫಿ ಕೊಟ್ಟು ಕಳಿಸ್ತಿದ್ನಲ್ಲ!"

ಈ ಸಂಬಂಧವೂ ತಪ್ಪಿದರೆ ಇನ್ನು ಯಾರ ಮುಂದೆಯೂ ಕೂರುವುದಿಲ್ಲವೆಂದು ಮಗಳು ಹರ್ಷಿಣಿ ಖಂಡತುಂಡವಾಗಿ ಹೇಳಿದ್ದಳು. ಹಾಗಾಗಿ ಕೃಷ್ಣಮೂರ್ತಿ ಬಾಯಿ ಬಿಡಲಿಲ್ಲ. ಅತ್ತ ಚಂದ್ರಶೇಖರ ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವವರ ಹಾಗೆ ಹುಡುಗಿಯನ್ನು ಕೇಳುತ್ತಲೇ ಇದ್ದರು. ಅಡುಗೆ ಬರುತ್ತದೆಯೇ? ಮದುವೆಯಾದ ಮೇಲೆ ಹಾರ್ಬರಿನ ಕೆಲಸ ಬಿಡುತ್ತಾಳೆಯೇ?

"ಬೇಜಾರು ಮಾಡ್ಕೋಬೇಡಮ್ಮ. ಅಣ್ಣಾನಗರದಲ್ಲಿ ಇನ್ನೂ ಎರಡು ಹೆಣ್ಣು ನೋಡೋದಿದೆ."

"ಪರವಾಗಿಲ್ಲ ಅಂಕಲ್," ಎಂದಳು ಹರ್ಷಿಣಿ. "ನಾವೂ ಎಕ್ಸ್‌ಪ್ಲೋರೇಟರಿನೇ. ಮುಂದಿನ ಸಂಡೇ ನಿಮ್ಮನೆಗೆ ಬರ್ತೀವಿ. ವರುಣ್ ಕಾಫಿ ಮಾಡಿ ಟ್ರೇಲಿ ತಂದುಕೊಡ್ಲಿ. ಅವ್ರು ಕೆಲಸ ಬಿಡ್ತಾರಾ ಅಂತ ನಾನೂ ಕೇಳ್ಬೇಕು."

ಇಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಗಂಡು ವರುಣ್ ಕಿಸಕ್ಕನೆ ನಕ್ಕುಬಿಟ್ಟ.

"ಎನ್ನಮ್ಮಾ ಇದು! ಮನೆ ನೋಡೋಕೆ ಹಿರಿಯರು ಬರ್ತಾರೆ. ಹುಡುಗೀನೇ ಬರೋ ಪದ್ಧತಿ ಎಲ್ಲಾದ್ರೂ ಉಂಟಾ?" ಚಂದ್ರಶೇಖರ ಕೃಷ್ಣಮೂರ್ತಿಯತ್ತ ತಿರುಗಿದರು. "ಸಾರ್, ನೀವಾದ್ರೂ ಹೇಳಿ."

ಮಗಳಿಗೆ ಬುದ್ಧಿ ಹೇಳಲೆಂದು ಎಲ್ಲರೂ ಅವರ ಮುಖ ನೋಡಿದರು. ಕೃಷ್ಣಮೂರ್ತಿಯ ಎದೆ ಹೆಮ್ಮೆಯಿಂದ ಉಬ್ಬಿಹೋಯಿತು. ಇಂಥ ಮಗಳನ್ನು ಇಟ್ಟುಕೊಂಡು ತಾನು ಯಾರಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆ ಎಂದು ನಾಚಿಕೆಯೂ ಆಯಿತು.

"ಪದ ಸರಿಯಾಗೇ ಬಳಸಿದ್ದಾಳೆ ಸಾರ್," ಎಂದರು. "ಬೆಳಿಗ್ಗೆ ಬರೋಣವೋ, ಸಂಜೆ ಬರೋಣವೋ?"

ಚಂದ್ರಶೇಖರ ಮಗನ ಮುಖ ನೋಡಿದರು, ಗಡಿಯಾರ ನೋಡಿದರು. ಕೃಷ್ಣಮೂರ್ತಿ ಕುರ್ಚಿಗೆ ಚೆನ್ನಾಗಿ ಒರಗಿ, ಕಾಲ ಮೇಲೆ ಕಾಲು ಹಾಕಿಕೊಂಡು, ಉತ್ತರಕ್ಕೆ ಕಾಯುತ್ತ ಕೂತರು.