ಸಾಲಿನಲ್ಲಿ ಸಿಲಿಂಡರು

ರಾಗ್ನಾ ನಾರ್ವೆಯಿಂದ ಸಾಗರದಾಚೆಯ ಕೊಚಬಂಬಾ ಊರಿಗೆ ಬಂದು ಆರು ವರ್ಷವಾಗಿತ್ತು. ಬಂದದ್ದು ಜನಕ್ಕೆ ದೇವರನ್ನು ನಂಬುವುದು ಹೇಗೆಂದು ಕಲಿಸಲು. ಅಷ್ಟು ಸೊಕ್ಕು ತನಗಿತ್ತೆಂದು ಈಗ ಅವಳೇ ಒಪ್ಪುತ್ತಾಳೆ. ಕೇರಿಯ ಯಾವ ಹಬ್ಬಕ್ಕೆ ಹೋದರೂ ಅವಳು ಅತಿಥಿ. ಕೂರಿಸಿ, ಬಡಿಸಿ, ಬಾಗಿಲತನಕ ಬಂದು ಕಳಿಸುವರು. ಒಂದು ಈರುಳ್ಳಿ ಹೆಚ್ಚಲೂ ಬಿಟ್ಟವರಿಲ್ಲ. ಈ ಸಲ ಪಕ್ಕದ ಮನೆಯ ಕಾಸಿಲ್ದಾ, ಮೊಮ್ಮಗಳ ದೀಕ್ಷಾಸ್ನಾನದ ಊಟಕ್ಕೆ, "ನಲವತ್ತು ಜನಕ್ಕೆ ಕಡಲೇಕಾಯಿ ಸಾರು ನೀವೇ ಮಾಡಿ ಅಕ್ಕಾ" ಎಂದುಬಿಟ್ಟಳು. ರಾಗ್ನಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಊಟ ನಾಳೆ. ಗ್ಯಾಸು ಇವತ್ತು ಬೆಳಿಗ್ಗೆ ಮುಗಿಯಿತು.

ಊರಲ್ಲೆಲ್ಲ ಗ್ಯಾಸಿಗೆ ಬರ. ಲಾರಿ ಬರುವ ಮೂಲೆಯಲ್ಲಿ ಆಗಲೇ ಖಾಲಿ ಸಿಲಿಂಡರುಗಳ ಸಾಲು ಬೆಳೆದಿತ್ತು. ಕಾಸಿಲ್ದಾಳದು ಮುಂದೆಲ್ಲೋ ಇತ್ತು. ಜನ ಮಾತ್ರ ಇಲ್ಲ. ಅಲ್ಲಿ ಸಾಲಿನಲ್ಲಿ ನಿಲ್ಲುವುದು ಸಿಲಿಂಡರಿನ ಕೆಲಸ, ಮನುಷ್ಯರು ಮನೆಗೆ ಹೋಗಿ ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ರಾಗ್ನಾ ತನ್ನದನ್ನು ಇಪ್ಪತ್ತೆರಡನೆಯದಾಗಿ ಇಟ್ಟಳು. ಆಮೇಲೆ ಕುರ್ಚಿ ತಂದು, ಕೊಡೆ ಬಿಡಿಸಿ, ಅದರ ಪಕ್ಕವೇ ಕಾವಲು ಕೂತಳು.

"ಅಯ್ಯೋ ಅಕ್ಕಾ, ಓಡಿಹೋಗೋಕೆ ಅದಕ್ಕೇನು ಕಾಲಿದ್ಯಾ?" ಬಟ್ಟೆ ಗಂಟು ಹೊತ್ತು ಹೊರಟಿದ್ದ ಕಾಸಿಲ್ದಾ ನಿಂತು ನಕ್ಕಳು.

"ಯಾರಾದ್ರೂ ಹೊತ್ಕೊಂಡು ಹೋದ್ರೆ?"

"ಯಾರು? ನಾನಾ?"

ರಾಗ್ನಾ ಪೆಚ್ಚುನಗೆ ನಕ್ಕಳೇ ಹೊರತು ಏಳಲಿಲ್ಲ.

ಹನ್ನೊಂದಾಯಿತು, ಹನ್ನೆರಡಾಯಿತು. ಮೂಗಿನ ತುದಿ ಬಿಸಿಲಿಗೆ ಸುಲಿಯಿತು. 'ದೇವರೇ, ಈ ಜನಕ್ಕೆ ಒಂದಿಷ್ಟು ಶಿಸ್ತು ಕೊಡು' ಎಂದು ಪ್ರಾರ್ಥಿಸಿದಳು. ತನಗೂ ಏನಾದರೂ ಕೇಳಿಕೊಳ್ಳಬಹುದೆಂದು ಹೊಳೆಯಲೇ ಇಲ್ಲ, ಪುಣ್ಯಾತ್ಗಿತ್ತಿಗೆ! ಅಷ್ಟರಲ್ಲಿ ಬೆಳಿಗ್ಗೆ ಕುಡಿದ ಮೂರು ಲೋಟ ಕಾಫಿ ತನ್ನ ಕೆಲಸ ಶುರುಮಾಡಿತು. ತಡೆದಳು, ಕೀರ್ತನೆ ಗುನುಗಿದಳು. ಕೊನೆಗೆ ಎದ್ದೇಬಿಟ್ಟಳು. ಎದ್ದವಳು ಸುಮ್ಮನೆ ಹೋಗಬಾರದೇ? ಸಿಲಿಂಡರನ್ನೂ ಉರುಳಿಸಿಕೊಂಡು ಎರಡು ಬೀದಿ ದಾಟಿ ಮನೆಗೆ ಹೋದಳು.

ವಾಪಸು ಬರುವಷ್ಟರಲ್ಲಿ ಲಾರಿ ಬಂದಿತ್ತು, ಅವಳ ಜಾಗ ಮುಚ್ಚಿಹೋಗಿತ್ತು. ಸಿಲಿಂಡರು ಎದ್ದರೆ ಸರದಿಯೂ ಎದ್ದಂತೆ; ಅದು ಕೇರಿಯ ಕಟ್ಟಳೆ. ಸಾಲಿನ ಬಾಲಕ್ಕೆ ಹೋಗಿ ನಿಂತಳು. ಅವಳ ಮುಂದೆ ಇನ್ನೂ ಹತ್ತು ಜನ ಇರುವಾಗಲೇ ಲಾರಿ ಖಾಲಿಯಾಯಿತು. ಉಳಿದವರು ಖಾಲಿ ಸಿಲಿಂಡರುಗಳನ್ನು ಅಲ್ಲೇ ಬಿಟ್ಟು, ಗೊಣಗುತ್ತ ಮನೆಗೆ ಹೋದರು.

ಐವತ್ತೆಂಟು ವರ್ಷದ ರಾಗ್ನಾ ನಡುಬೀದಿಯಲ್ಲಿ ಗಳಗಳ ಅತ್ತಳು. "ಸಾರು ಆಗಲ್ಲ ಕಾಸಿಲ್ದಾ. ಬೇರೆ ಯಾರಿಗಾದ್ರೂ ಹೇಳಿ."

ಕಾಸಿಲ್ದಾ ಲಾರಿಯಿಂದ ಹೊತ್ತು ತಂದಿದ್ದ ತನ್ನ ತುಂಬಿದ ಸಿಲಿಂಡರನ್ನು ದೊಪ್ಪನೆ ಇಳಿಸಿದಳು. "ಕಾಣದ ದೇವರನ್ನ ನಂಬಿ ಅಂತ ಆರು ವರ್ಷದಿಂದ ನಮ್ಮ ತಲೆ ತಿಂತಿದ್ದೀಯ. ಕಣ್ಣೆದುರಿಗಿರೋ ನಮ್ಮನ್ನ ಹತ್ತು ನಿಮಿಷ ನಂಬೋಕಾಗಲಿಲ್ವಾ ನಿನಗೆ?"

ಬೈಬಲಿನ ಒಂದು ವಾಕ್ಯವೂ ರಾಗ್ನಾಳ ನೆರವಿಗೆ ಬರಲಿಲ್ಲ. "ಆಗಲಿಲ್ಲ" ಎಂದಳು. "ತಪ್ಪಾಯ್ತು."

"ಸರಿ, ಮೂಗು ಒರೆಸ್ಕೋ. ಇದನ್ನ ತಗೊಂಡು ಹೋಗಿ ಸಾರು ಮಾಡು. ನಿನ್ನ ಖಾಲಿದು ಇಲ್ಲೇ ಇರಲಿ, ಸೋಮವಾರ ಲಾರಿ ಬರುತ್ತೆ."

"ಸೋಮವಾರದವರೆಗೂ? ಇಲ್ಲೇ? ಬೀದೀಲಿ?"

ಕಾಸಿಲ್ದಾ ಸೊಂಟದ ಮೇಲೆ ಕೈಯಿಟ್ಟು ದುರುಗುಟ್ಟಿ ನೋಡಿದಳು.

ರಾಗ್ನಾ ಖಾಲಿದನ್ನು ಅಲ್ಲೇ ಬಿಟ್ಟು, ತುಂಬಿದ ಸಿಲಿಂಡರನ್ನು ಉರುಳಿಸುತ್ತ ಹೊರಟಳು. ಮೂಲೆ ತಿರುಗುವವರೆಗೂ ಹಿಂದೆ ನೋಡಲಿಲ್ಲ. ಅದಕ್ಕೆ ಎಷ್ಟು ಕಷ್ಟಪಟ್ಟಳೆಂಬುದು ಅವಳಿಗೆ ಗೊತ್ತು, ದೇವರಿಗೆ ಗೊತ್ತು.