ಬೊಲೊನ್ಯಾಕ್ಕೆ ಹೋದ ಚಟ್ನಿ ಡಬ್ಬಿ

ನಾನು ಒಂದು ಉಕ್ಕಿನ ಡಬ್ಬಿ. ಅಂಗೈಯಗಲದ ಮೈ, ತಿರುಗಿಸಿ ಬಿಗಿಯುವ ಮುಚ್ಚಳ. ತಗಡು ಒತ್ತುವ ಯಂತ್ರವೊಂದು ಒಂದೇ ಏಟಿಗೆ ನನಗೆ ಹೊಟ್ಟೆಯನ್ನೂ ಬಾಯಿಯನ್ನೂ ಕೊಟ್ಟಿತು, ಮಾತು ಮಾತ್ರ ಕೊಡಲಿಲ್ಲ. ಆಗ ಅದೊಂದು ಕೊರತೆ ಅಂತ ಅನ್ನಿಸಿರಲಿಲ್ಲ. ಗದಗಿನ ಪಾತ್ರೆ ಅಂಗಡಿಯಲ್ಲಿ ಎರಡು ವರ್ಷ ಧೂಳು ತಿಂದೆ. ಕೊನೆಗೆ ಶಾಂತವ್ವ ಎಂಬಾಕೆ ನನ್ನನ್ನು ಕೊಂಡು, ತಂಗಿ ನೀಲಗಂಗವ್ವನ ಮದುವೆಯಲ್ಲಿ ಉಡುಗೊರೆಯಾಗಿ ಆಯೇರಿ ಮಾಡಿದಳು.

ನೀಲಗಂಗವ್ವ ನನ್ನಲ್ಲಿ ಶೇಂಗಾ ಚಟ್ನಿಪುಡಿ ತುಂಬಿದಳು. ಹುರಿದ ಶೇಂಗಾ, ಬೆಳ್ಳುಳ್ಳಿ, ಬ್ಯಾಡಗಿ ಖಾರ. ಮೂವತ್ತು ವರ್ಷ ಆ ಮನೆಯ ಊಟ ನಾನಿಲ್ಲದೆ ಶುರುವಾಗಲಿಲ್ಲ. ಬೇಡ ಎಂದವರಿಗೆ ಒಂದು ಚಮಚ ಹೆಚ್ಚು ಹಾಕುವುದು ನೀಲಗಂಗವ್ವನ ಪದ್ಧತಿ. "ಬ್ಯಾಡ ಅನ್ನೋದು ಬರೇ ಸಂಕೋಚಕ್ಕ," ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ನಾನೂ ಹಿಗ್ಗುತ್ತಿದ್ದೆ.

ಅವಳ ಮಗ ಗುರುಪಾದ, ಊರಿನಲ್ಲೇ ಮುದ್ರಣಾಲಯ ನಡೆಸುವವನು, ಮೈಸೂರಿನ ಚಿನ್ಮಯಿಯನ್ನು ಮದುವೆಯಾದ. ಸೊಸೆ ಬಂದ ಮೊದಲ ದಿನವೇ ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. "ಕಡಲೆಕಾಯಿ ನನಗೆ ಆಗಲ್ಲ ಅತ್ತೆ. ಚೂರು ಬಾಯಿಗೆ ಬಿದ್ರೂ ಗಂಟಲು ಊದಿಕೊಂಡು ಉಸಿರು ನಿಲ್ಲುತ್ತೆ."

ನೀಲಗಂಗವ್ವ ನಕ್ಕಳು. "ಶೇಂಗಾ ತಿಂದು ಸತ್ತೋರ್ನ ನಮ್ಮ ಗದಗಿನ್ಯಾಗ ಯಾರರ ನೋಡೀರೇನು?"

ಗುರುಪಾದ ನಗಲಿಲ್ಲ. ಆ ವಾರವೇ ಮನೆಯ ಶೇಂಗಾ ಎಲ್ಲ ಹೊರಗೆ ಹೋಯಿತು. ನನ್ನನ್ನು ಬೂದಿ ಹಾಕಿ ತಿಕ್ಕಿ ಅಟ್ಟದ ಮೇಲೆ ಬೋರಲು ಹಾಕಿದರು. ಒಂದು ವರ್ಷ ಹಾಗೇ ಬಿದ್ದಿದ್ದೆ. ನಿಜ ಹೇಳುತ್ತೇನೆ, ಆ ಹುಡುಗಿಯ ಮೇಲೆ ನನಗೂ ಸಿಟ್ಟಿತ್ತು.

ಒಂದು ದಿನ ನೀಲಗಂಗವ್ವ ಕದ್ದು ನನ್ನನ್ನು ಕೆಳಗಿಳಿಸಿ ಅಕ್ಕನ ಮನೆಗೆ ಒಯ್ದು ಮತ್ತೆ ಚಟ್ನಿಪುಡಿ ತುಂಬಿದಳು. ಮಗ, ಸೊಸೆ, ಅವಳು ಮೂವರೂ ಇಟಲಿ ಪ್ರವಾಸಕ್ಕೆ ಹೊರಟಿದ್ದರು. ಪರದೇಶದ ಸಪ್ಪೆ ಊಟಕ್ಕೆ ಚಟ್ನಿ ಬೇಡವೇ? ಹೊಟ್ಟೆ ತುಂಬಿದ ಖುಷಿಯಲ್ಲಿದ್ದ ನನಗೆ ಅವಳ ಮುಂದಿನ ಮಾತು ಕೇಳಿಸಿತು.

"ಸೊಸಿಗೆ ದಿನಾ ಒಂದೊಂದ ಚಿಟಿಕಿ ಹಾಕಿ ರೂಢಿ ಮಾಡಿಸ್ತೀನಿ, ಅಕ್ಕಾ. ಊರು ಬಿಟ್ಟು ಹೋದಾಗ ಗುರ್ತ ಆಗೂದಿಲ್ಲ. ಅಂಜಿಕಿ ಬಿಟ್ಟ ಮ್ಯಾಲೆ ಹೇಳಿದ್ರಾತು."

"ಖರೇನ ಏನರ ಆದ್ರ?" ಎಂದಳು ಶಾಂತವ್ವ.

"ಏನಾಕ್ಕೈತಿ? ಮಗಳಂಥಾಕಿ. ನಾ ಕೆಟ್ಟದ್ದು ಮಾಡ್ತೀನೇನು?"

ಆಮೇಲೆ ನನಗೆ ನೆಮ್ಮದಿಯಿಲ್ಲ. ರೋಮಿನಲ್ಲಿ, ಫ್ಲಾರೆನ್ಸಿನಲ್ಲಿ ಊಟಕ್ಕೆ ಕೂತರೆ ಸೊಸೆ ಅತ್ತೆಯ ಪಕ್ಕ ಬಿಟ್ಟು ಏಳಲಿಲ್ಲ, ನನ್ನ ಮುಚ್ಚಳ ತೆರೆಯಲು ಸಂದರ್ಭವೇ ಸಿಗಲಿಲ್ಲ. ಅತ್ತೆಯ ಮೇಲಿನ ಪ್ರೀತಿಯೇ ಆಗ ಅವಳನ್ನು ಕಾಪಾಡಿತು.

ಬೊಲೊನ್ಯಾ ಊಟಕ್ಕೆ ಹೆಸರಾದ ಹಳೆಯ ಊರು. ಕಮಾನುಗಳ ಕೆಳಗೆ ಮೈಲಿಗಟ್ಟಲೆ ನೆರಳಿನ ಓಣಿ. ಕೈಚೀಲದ ಬಾಯಿಂದ ಇಣುಕಿದೆ. ನಡುಪೇಟೆಯಲ್ಲಿ ಎರಡು ಇಟ್ಟಿಗೆ ಗೋಪುರಗಳು. ಒಂದು ಬಲವಾಗಿ ವಾಲಿತ್ತು, ಸುತ್ತ ಬೇಲಿ ಹಾಕಿದ್ದರು. "ಒಂಬೈನೂರು ವರ್ಷದ್ದು. ಬೀಳುವ ಹೆದರಿಕೆ ಉಂಟು, ಹತ್ತಿರ ಬಿಡುವುದಿಲ್ಲ," ಎಂದ ತಂಡದ ಮಾರ್ಗದರ್ಶಿ, ಮಂಗಳೂರಿನ ಮೆಲ್ವಿನ್.

"ಒಂಬತ್ನೂರು ವರ್ಷ ಬೀಳದ್ದು ಇವತ್ತ ಬೀಳತೈತೇನು?" ಎಂದು ನೀಲಗಂಗವ್ವ ಸೊಸೆಯನ್ನು ನೋಡಿ ನಕ್ಕಳು. ಅವಳ ಕೈ ಚೀಲದೊಳಗೆ ಬಂದು ನನ್ನನ್ನು ಮುಟ್ಟಿ ನೋಡಿತು.

ಮಧ್ಯಾಹ್ನ ಸಣ್ಣ ಊಟದ ಮನೆಯೊಂದಕ್ಕೆ ಹೋದರು. ಅಡುಗೆಯ ಓರ್ನೆಲ್ಲಾ ಎಪ್ಪತ್ತರ ಮುದುಕಿ. ಚಿನ್ಮಯಿ ತನ್ನ ತೊಂದರೆ ಬರೆದಿದ್ದ ಚೀಟಿ ಕೊಟ್ಟಾಗ ಅವಳೇ ಹೊರಗೆ ಬಂದು ಎದೆ ಮುಟ್ಟಿ ಮಾತು ಕೊಟ್ಟಳು. "ತನ್ನ ಅಡುಗೆಮನೆಯೊಳಗೆ ಶೇಂಗಾ ಬಂದೇ ಇಲ್ಲವಂತೆ," ಎಂದು ಮೆಲ್ವಿನ್ ತಿಳಿಸಿದ. ಕುಂಬಳಕಾಯಿ ಹೂರಣದ ಕಡುಬಿನಂಥದ್ದು ಬಂತು, ಮೇಲೆ ಕೆಂಪು ಟೊಮೆಟೊ ಗೊಜ್ಜು. ಹಿಟ್ಟು ಲಟ್ಟಿಸುವುದನ್ನು ನೋಡಿ ಬರುತ್ತೇವೆಂದು ಗಂಡಹೆಂಡತಿ ಮೆಲ್ವಿನ್ ಜೊತೆ ಒಳಗೆ ಹೋದರು.

ನನ್ನ ಮುಚ್ಚಳ ತಿರುಗಿತು. ಎಷ್ಟು ಬಿಗಿ ಹಿಡಿದರೂ ಮೂವತ್ತು ವರ್ಷದ ಪಳಗಿದ ಕೈ ಅದು. ಸೊಸೆಯ ತಟ್ಟೆಗೆ ಒಂದು ಚಿಟಿಕೆ. ಕೆಂಪಿನೊಳಗೆ ಕೆಂಪು ಕಲೆತು ಕಾಣದಾಯಿತು.

ಚಿನ್ಮಯಿ ಬಂದು ಒಂದು ತುತ್ತು ತಿಂದಳು, ಇನ್ನೊಂದು ತಿಂದಳು. "ಖಾರ ಇದೆ ಅಲ್ವಾ?" ಎಂದಳು.

"ನಂದು ಸಪ್ಪಗೈತಲ್ಲ," ಎಂದ ಗುರುಪಾದ.

ನೀಲಗಂಗವ್ವ ತನ್ನ ತಟ್ಟೆಯ ಕಡುಬು ಕತ್ತರಿಸತೊಡಗಿದಳು. ಅಷ್ಟರಲ್ಲಿ ಹುಡುಗಿಯ ತುಟಿ ದಪ್ಪಗಾಯಿತು. ಕುತ್ತಿಗೆ ಹಿಡಿದುಕೊಂಡು ತನ್ನ ಚೀಲದ ಕಡೆ ಕೈ ತೋರಿಸಿದಳು. ಇಂಥ ಹೊತ್ತಿಗೆಂದೇ ಅದರಲ್ಲಿ ಇಟ್ಟಿದ್ದ ಔಷಧದ ಸೂಜಿಯನ್ನು ಗುರುಪಾದ ಅವಳ ತೊಡೆಗೆ ಒತ್ತಿದ. ಆಂಬುಲೆನ್ಸ್ ಬರುವವರೆಗೆ ಅವಳ ಒಂದೊಂದು ಉಸಿರೂ ಸಿಳ್ಳೆಯಾಗಿತ್ತು. "ಏನ್ ಹಾಕೀರಿ ಇದರಾಗ?" ಎಂದು ಗುರುಪಾದ ಓರ್ನೆಲ್ಲಾಳ ಮುಂದೆ ಕಿರುಚಿದ. ಮುದುಕಿ ಹಿಟ್ಟಿನ ಡಬ್ಬಗಳನ್ನೆಲ್ಲ ನೆಲಕ್ಕೆ ಸುರಿದು ಬರಿಗೈಯಲ್ಲಿ ಕೆದಕಿ ಹುಡುಕತೊಡಗಿದಳು. ಅವಳನ್ನು ನೋಡಿ ನನಗೆ ಅಲ್ಲೇ ಒಡೆದು ಹೋಗಬೇಕೆನಿಸಿತು.

ಚಿನ್ಮಯಿ ಬದುಕಿದಳು. ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅತ್ತೆ ಅವಳಿಗೆ ನೀರು ಕುಡಿಸಲು ಲೋಟ ಎತ್ತಿದಾಗ ಓರ್ನೆಲ್ಲಾ ಮೆಲ್ವಿನ್ ಜೊತೆ ಒಳಗೆ ಬಂದಳು. ಹಾಸಿಗೆಯ ಪಕ್ಕ ಮೊಣಕಾಲೂರಿ ಅತ್ತಳು.

ಮೆಲ್ವಿನ್ ತಿಳಿಸಿದ: "ತಪ್ಪು ಎಲ್ಲಿ ಆಯಿತೆಂದು ಅವರಿಗೆ ಗೊತ್ತಾಗುವುದಿಲ್ಲವಂತೆ. ಇನ್ನು ಅಡುಗೆ ಮಾಡುವುದಿಲ್ಲ, ಬಾಗಿಲು ಹಾಕಿ ಬಂದಿದ್ದಾರೆ."

"ಅಳಬೇಡಿ ಅಮ್ಮ," ಎಂದು ಚಿನ್ಮಯಿ ಅವಳ ಕೈ ಹಿಡಿದಳು.

ನೀಲಗಂಗವ್ವ ಆ ಹಿಡಿದ ಕೈಗಳನ್ನು ನೋಡಿದಳು. ಚೀಲದಿಂದ ನನ್ನನ್ನು ತೆಗೆದು, ಮುಚ್ಚಳ ತೆರೆಯದೆ ಓರ್ನೆಲ್ಲಾಳ ಕೈಗಿಟ್ಟಳು.

"ಅಕೀದೇನೂ ತಪ್ಪಿಲ್ಲ. ಹಾಕಿದಾಕಿ ನಾನು. ರೂಢಿ ಆಗ್ಲಿ ಅಂತ ಹಾಕಿದ್ನಿ."

ಗುರುಪಾದ ಓರ್ನೆಲ್ಲಾಳ ಮುಂದೆ ಕೈ ಮುಗಿದ. ಚಿನ್ಮಯಿ ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅತ್ತೆಯ ಕೈಯಲ್ಲಿನ್ನೂ ಇದ್ದ ಲೋಟವನ್ನೇ ನೋಡುತ್ತ ಕೇಳಿದಳು: "ಇನ್ನು ನಿಮ್ಮ ಕೈಯಿಂದ ನೀರಾದ್ರೂ ಹೇಗೆ ಕುಡೀಲಿ ಅತ್ತೆ?"

ನೀಲಗಂಗವ್ವ ಲೋಟ ಕೆಳಗಿಟ್ಟಳು. ಮೆಲ್ವಿನ್ ಎಲ್ಲವನ್ನೂ ಅವರ ಭಾಷೆಯಲ್ಲಿ ತಿಳಿಸಿದ, ಶೇಂಗಾ ರೋಗಿಯ ಹತ್ತಿರ ಇರಬಾರದೆಂದು ನರ್ಸ್ ನನ್ನನ್ನೂ ಓರ್ನೆಲ್ಲಾಳನ್ನೂ ಕೂಡಲೇ ಹೊರಗೆ ಕಳಿಸಿದಳು.

ಈಗ ನಾನು ಓರ್ನೆಲ್ಲಾಳ ಅಡುಗೆಮನೆಯ ಮೇಲಿನ ಹಲಗೆಯಲ್ಲಿದ್ದೇನೆ, ಖಾಲಿಯಾಗಿ. ಮೂರು ಸಲ ಕುದಿನೀರಿನಲ್ಲಿ ತೊಳೆದರೂ ಅವಳು ನನ್ನಲ್ಲಿ ಏನನ್ನೂ ತುಂಬಿಲ್ಲ. ಬಾಗಿಲು ಮತ್ತೆ ತೆರೆದಿದ್ದಾಳೆ, ಹಿಟ್ಟು ಲಟ್ಟಿಸುತ್ತಾಳೆ. ಗದಗಿನ ಆ ಮನೆಯಲ್ಲಿ ಈಗ ಯಾರು ಯಾರಿಗೆ ಬಡಿಸುತ್ತಾರೋ ನನಗೆ ತಿಳಿಯದು. ವಿಷವೆಂದು ತಿಳಿದು ಹಾಕುವವರ ಕೈ ಯಾರಾದರೂ ಹಿಡಿದು ತಡೆದಾರು. ನೀಲಗಂಗವ್ವ ಹಾಕಿದ್ದು ಒಳ್ಳೆಯದೆಂದೇ ತಿಳಿದು. ಅದನ್ನು ನೆನೆದರೆ ನನಗೆ ಈಗಲೂ ಹೆದರಿಕೆಯಾಗುತ್ತದೆ.